ಅದನ್ನು ಕಟ್ಟುವುದು ಎಲ್ಲಿ?

ಮೈದುನ ರೈಲು ಎಂಜಿನ್ ಕೊಂಡನಂತೆ ಎಂದು ನಮ್ಮವರು ಫೋನ್ ಇಟ್ಟು ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪ, ಅದನ್ನು ಕಟ್ಟುವುದು ಎಲ್ಲಿ?" ಕೊಡ್ಲಿಪೇಟೆ ಕಡೆಯ ನಮ್ಮ ಮನೆಗೆ ಎಮ್ಮೆ ಬಂದಾಗಲೂ, ಜೀಪು ಬಂದಾಗಲೂ ಅವರು ಕೇಳಿದ ಪ್ರಶ್ನೆ ಅದೇ. ಅಂದು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಈ ವ್ಯವಹಾರದಲ್ಲಿ ಇದುವರೆಗೆ ಯಾರಾದರೂ ತೂಕದ ಮಾತು ಆಡಿದ್ದರೆ ಅದು ಅತ್ತೆ ಮಾತ್ರ ಎಂದು ಈಗ ಅನಿಸುತ್ತದೆ.

ಮೈದುನ ಇರುವುದು ಇಂಗ್ಲೆಂಡಿನಲ್ಲಿ. ಎಂಜಿನ್ ಪೂರ್ತಿ ಅವನದಲ್ಲ. ಹದಿನಾಲ್ಕು ಜನ ಸೇರಿ ಕೊಂಡದ್ದು, ಅವನದೊಂದು ಪಾಲು. ನಮ್ಮ ಕಡೆ ಒಂದು ಆಸ್ತಿಗೆ ಹದಿನಾಲ್ಕು ಪಾಲುದಾರರಾದರೆ ಕೋರ್ಟಿನಲ್ಲಿ ಸೇರುತ್ತಾರೆ. ಅಲ್ಲಿ ಶನಿವಾರ ಶನಿವಾರ ಸೇರಿ ತುಕ್ಕು ಕೆರೆಯುತ್ತಾರೆ.

ಅದರ ಜಾತಿ ಕ್ಲಾಸ್ 37 ಎಂಬ ಡೀಸೆಲ್ ಎಂಜಿನ್. 1960ರಿಂದ 1965ರ ನಡುವೆ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ಬ್ರಿಟಿಷ್ ರೈಲ್ವೆಗೆ ಇಂಥ 309 ಎಂಜಿನ್‌ಗಳನ್ನು ಮಾಡಿಕೊಟ್ಟಿತು. ಹನ್ನೆರಡು ಸಿಲಿಂಡರ್, 1,750 ಅಶ್ವಶಕ್ತಿ, ನೂರು ಟನ್ನಿಗೂ ಮಿಕ್ಕಿದ ತೂಕ. ಅದರ ಸದ್ದು ಕೇಳಿ ಅಲ್ಲಿಯವರು ಇಟ್ಟ ಅಡ್ಡಹೆಸರು 'ಟ್ರ್ಯಾಕ್ಟರ್'. "ಟ್ರ್ಯಾಕ್ಟರ್ ನಮ್ಮ ಶೆಡ್ಡಿನಲ್ಲೇ ಇತ್ತಲ್ಲ, ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ?" ಎಂದರು ನಮ್ಮವರು. ಆದರೆ ಅವರ ದನಿಯಲ್ಲಿದ್ದ ಹೊಟ್ಟೆಕಿಚ್ಚು ನನಗೆ ಗೊತ್ತಾಗದೇ ಹೋಗಲಿಲ್ಲ.

ನಮ್ಮ ಕಾಫಿ ತೋಟದ ಲೆಕ್ಕ ಬರೆಯುವವಳು ನಾನು. ಗೊಬ್ಬರ, ಕಪಾತು, ಮರಗಸಿ, ಆಳಿನ ಬಟವಾಡೆ ಎಲ್ಲವೂ ನನ್ನ ಪುಸ್ತಕದಲ್ಲಿವೆ. ಹಾಗಾಗಿ ಮೈದುನನಿಗೆ ಕೇಳಿದ್ದು ಅದರ ಅಂದಚೆಂದವನ್ನಲ್ಲ, ಖರ್ಚನ್ನು. ಅವನ ಪಾಲಿನ ವಂತಿಗೆ ತಿಂಗಳಿಗೆ 40 ಪೌಂಡ್, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರದ ಮೇಲೆ. ಅದು ಬರೀ ಹೊಟ್ಟೆಪಾಡಿಗೆ. ಹವ್ಯಾಸಿಗಳು ನಡೆಸುವ ಹಳೆಯ ಮಾರ್ಗವೊಂದರಲ್ಲಿ ಅದು ನಿಂತಿದೆ. ನಿಂತ ಹಳಿಗೆ ಬಾಡಿಗೆ. ಮುಖ್ಯ ಮಾರ್ಗದಲ್ಲಿ ಓಡಲು ಅನುಮತಿ ಇಲ್ಲ, ಆದ್ದರಿಂದ ಬೇರೆ ಊರಿಗೆ ಒಯ್ಯಬೇಕಾದರೆ ಲಾರಿಗೆ ಹೇರಬೇಕು. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಕಬ್ಬಿಣ ಸೀಳದಂತೆ ಬಸಿದಿಡಬೇಕು. ಬ್ಯಾಟರಿಗಳಿಗೆ ವಯಸ್ಸಾಗುತ್ತದೆ. ಚಕ್ರ ಸವೆಯುತ್ತದೆ. ಎಲ್ಲಾದರೂ ಹಳೆಯ ಕಲ್ನಾರು ಕಂಡರೆ ಅದನ್ನು ಮುಟ್ಟುವುದಕ್ಕೂ ಪರವಾನಗಿ ಇದ್ದವರೇ ಬರಬೇಕು. ಆದಾಯ? ವರ್ಷಕ್ಕೆ ಕೆಲವು ದಿನ ಪ್ರವಾಸಿಗರ ಬೋಗಿ ಎಳೆದರೆ ಒಂದಿಷ್ಟು ಬಾಡಿಗೆ. ಕಾಳುಮೆಣಸಿನ ಬಳ್ಳಿಗೆ ರೋಗ ಬಂದ ವರ್ಷವೂ ನನ್ನ ಪುಸ್ತಕ ಇಷ್ಟು ಕೆಂಪಾಗಿರಲಿಲ್ಲ.

ಇಷ್ಟು ಕೇಳಿದ ಮೇಲೂ ನಮ್ಮವರು ಒಂದು ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತು, ನಮ್ಮ ದೇಶದ್ದೇ ಒಂದು ಸಿಕ್ಕಿದರೆ ಎಷ್ಟಾದೀತು ಎಂದು ತೆಗೆದರು. ಅವರ ಮನಸ್ಸಿನಲ್ಲಿದ್ದದ್ದು ನಮ್ಮ ರೈಲ್ವೆಯ ಹಳೆಯ ಡೀಸೆಲ್ ಎಂಜಿನ್, ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, 1964ರಿಂದ ಬನಾರಸ್‌ನಲ್ಲೇ ತಯಾರಾದದ್ದು, ಹದಿನಾರು ಸಿಲಿಂಡರ್, 2,600 ಅಶ್ವಶಕ್ತಿ. ತೂಕ ಸುಮಾರು 112 ಟನ್. ಗುಜರಿ ಕಬ್ಬಿಣಕ್ಕೆ ಕೆಜಿಗೆ 30 ರೂಪಾಯಿ ಎಂದಿಟ್ಟುಕೊಂಡರೂ 33 ಲಕ್ಷದ ಮೇಲಾಯಿತು, ಒಳಗಿನ ತಾಮ್ರದ ಬೆಲೆ ಬೇರೆ. ಸುಮ್ಮನೆ ನಿಂತು ಗುಡುಗುಡು ಎನ್ನುವುದಕ್ಕೇ ಗಂಟೆಗೆ ಇಪ್ಪತ್ತು ಲೀಟರಿನ ಮೇಲೆ ಡೀಸೆಲ್ ಕುಡಿಯುತ್ತದೆ. ಕಾಫಿ ತುಂಬಿದ ಲಾರಿಯೇ ನಮ್ಮ ಗೇಟಿನ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕು, ಮೋರಿ ಹತ್ತು ಟನ್ನಿಗೇ ನರಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಕೊಡಗು ಜಿಲ್ಲೆಯಲ್ಲಿ ಒಂದು ಗೇಣು ರೈಲು ಹಳಿ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬಂತು, ಇನ್ನೇನು ಬಂದೇ ಬಿಟ್ಟಿತು ಎಂದು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ. "ಬಂದ ದಿನ ನೋಡೋಣ" ಎಂದೆ. ಅವರು ತಟ್ಟೆ ಎತ್ತಿಕೊಂಡು ಎದ್ದರು.

ಇಷ್ಟೆಲ್ಲ ಹೇಳುವ ನಾನೂ ಸಾಚಾ ಅಲ್ಲ. ನನ್ನ ತವರು ಸಕಲೇಶಪುರದ ಕಡೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ರೈಲು ಮಾರ್ಗ 55 ಕಿಲೋಮೀಟರ್, 57 ಸುರಂಗ, 50 ಅಡಿಗೆ ಒಂದು ಅಡಿ ಏರು. 1979ರಲ್ಲಿ ಆ ಮಾರ್ಗ ತೆರೆದಾಗ ನಾನು ಇನ್ನೂ ಒಂದನೇ ತರಗತಿ. ಮಳೆಗಾಲದ ರಾತ್ರಿ ಘಟ್ಟ ಹತ್ತುವ ಎಂಜಿನ್‌ಗಳ ಸದ್ದು ಮೊದಲು ಕಿವಿಗೆ ಬರುತ್ತಿರಲಿಲ್ಲ, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳಿಗೆ ಬರುತ್ತಿತ್ತು. ಅವು ಸಣ್ಣಗೆ ಕಿಣಿಕಿಣಿ ಎಂದ ಎಷ್ಟೋ ಹೊತ್ತಿನ ಮೇಲೆ ಆಳದಿಂದ ಒಂದು ಗುಂಯ್‌ಗುಡುವಿಕೆ, ಸುರಂಗ ಹೊಕ್ಕಾಗ ಮಾಯ, ಹೊರಬಂದಾಗ ಮತ್ತೆ. ಹಳಿಗಳ ನಡುವಿನ ಅಂತರ (ಗೇಜ್) ಬದಲಿಸುವುದಕ್ಕೆ ಮಾರ್ಗ ಮುಚ್ಚಿದ ಮೇಲೆ ಅಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರಲ್ಲಿ. ಅಷ್ಟರಲ್ಲಿ ನಾನು ರೈಲಿಲ್ಲದ ಜಿಲ್ಲೆಯ ಸೊಸೆ.

ಹೋದ ವರ್ಷ ಅಕ್ಟೋಬರಿನಲ್ಲಿ ಮೈದುನನ ಮನೆಗೆ ಹೋಗಿದ್ದೆವು. ಆ ಶನಿವಾರ ಎಂಜಿನ್ ಸ್ಟಾರ್ಟ್ ಮಾಡುವ ದಿನ. ಬಹಳ ದಿನ ನಿಂತ ಎಂಜಿನ್ನನ್ನು ಹಾಗೇ ಗುಂಡಿ ಒತ್ತಿ ಎಬ್ಬಿಸುವಂತಿಲ್ಲ. ಸಿಲಿಂಡರ್ ಒಳಗೆ ಎಲ್ಲಿಂದಾದರೂ ನೀರು ಇಳಿದಿದ್ದರೆ ಪಿಸ್ಟನ್ ಅದನ್ನು ಅದುಮಲು ಹೋಗುತ್ತದೆ. ಗಾಳಿ ಅದುಮಿಸಿಕೊಳ್ಳುತ್ತದೆ, ನೀರು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಆಗ ಬಗ್ಗುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್. ಅದಕ್ಕೆ ಪ್ರತಿ ಸಿಲಿಂಡರಿನ ಪುಟ್ಟ ಕವಾಟವನ್ನೂ ತೆರೆದಿಟ್ಟು, ಉದ್ದನೆಯ ಸರಳು ಹಾಕಿ, ಇಬ್ಬರು ಕೈಯಲ್ಲೇ ಇಷ್ಟಿಷ್ಟೇ ಎಂಜಿನ್ ತಿರುಗಿಸುತ್ತಾರೆ. ಉಳಿದವರು ಕವಾಟ ಕಾಯಬೇಕು. "ಅತ್ತಿಗೆ, ಈ ಬದಿಯ ಆರು ನಿಮ್ಮವು" ಎಂದು ಮೈದುನ ನನ್ನ ಕೈಗೆ ಟಾರ್ಚ್ ಕೊಟ್ಟ.

ಒಳಗೆ ಹಳೆಯ ಎಣ್ಣೆಯ ವಾಸನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಯದೇ. ಒಂದನೆಯದು ಉಸ್ಸೆಂದಿತು. ಎರಡು, ಮೂರು, ಅವೂ ಉಸ್ಸೆಂದವು. ನಾಲ್ಕನೆಯದು ಉಸ್ಸೆನ್ನುವ ಬದಲು ತೆಳ್ಳನೆಯ ಗೆರೆಯೊಂದನ್ನು ಚಿಮ್ಮಿತು, ಹಾಲು ಕರೆಯುವಾಗ ಮೊದಲ ಎಳೆ ಬರುತ್ತದಲ್ಲ, ಹಾಗೆ. ಬೆರಳಿಗೆ ಹಚ್ಚಿ ನೋಡಿದೆ. ಎಣ್ಣೆಯಲ್ಲ. "ನೀರು" ಎಂದು ಕನ್ನಡದಲ್ಲೇ ಕೂಗಿದೆ. ಅರ್ಥ ಯಾರೂ ಕೇಳಲಿಲ್ಲ. ಸರಳು ಹಿಡಿದವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

ಸಿಲಿಂಡರಿನ ಒಳಗೋಡೆಯ, ಅಂದರೆ ಲೈನರಿನ, ಸೀಲ್ ಹೋಗಿದೆ ಎಂದೂ, ಮೇಲಿನ ಮುಚ್ಚಳ, ಅಂದರೆ ಹೆಡ್, ಬಿರಿದಿದೆ ಎಂದೂ ಮಧ್ಯಾಹ್ನವಿಡೀ ಚರ್ಚೆ. ಕಡೆಗೂ ಎಂಜಿನ್ ಎದ್ದದ್ದನ್ನು ನಾವು ನೋಡಲಿಲ್ಲ. ಒಬ್ಬ ಮುದುಕರು ನನಗೆ ದೊಡ್ಡ ಲೋಟದಲ್ಲಿ ಚಹಾ ತಂದುಕೊಟ್ಟು, ನೀವು ನೋಡದಿದ್ದರೆ ನಮ್ಮ ಎಂಜಿನ್ ಇವತ್ತಿಗೆ ಮುಗಿಯುತ್ತಿತ್ತು ಎಂದರು. ಚಹಾ ಕೆಟ್ಟದಾಗಿತ್ತು, ಎರಡು ಲೋಟ ಕುಡಿದೆ.

ಈ ಮಾರ್ಚಿನಲ್ಲಿ ರಿಪೇರಿ ಮುಗಿಯಿತು. ನಮ್ಮಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾರಿಸುವ ಕಾಲ. ಕೆರೆಯ ಬಳಿ ನಮ್ಮದೇ ಡೀಸೆಲ್ ಪಂಪು ಹಗಲೂ ರಾತ್ರಿ ಬಡಿದುಕೊಳ್ಳುತ್ತಿತ್ತು. ಮೈದುನ ಕಳಿಸಿದ ವಿಡಿಯೊವನ್ನು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿದೆವು. ಮೊದಲು ಬ್ಯಾಟರಿಯ ಕರೆಂಟಿನಲ್ಲಿ ಜನರೇಟರ್ ನರಳುತ್ತಾ ತಿರುಗುತ್ತದೆ, ಅದೇ ಎಂಜಿನ್ನನ್ನೂ ತಿರುಗಿಸುತ್ತದೆ. ಒಂದು ಸಿಲಿಂಡರ್ ಕೆಮ್ಮಿತು, ಇನ್ನೊಂದು ಕೆಮ್ಮಿತು, ಆಮೇಲೆ ಬಿಳಿ ಹೊಗೆಯಲ್ಲಿ ಏನೂ ಕಾಣದಾಯಿತು. ಸದ್ದು ಮಾತ್ರ ಇತ್ತು. ನಮ್ಮವರು ಅದನ್ನೇ ಐದು ಸಲ ಹಾಕಿಸಿದರು. ಅತ್ತೆ ಕಿವಿಗೊಟ್ಟು ಕೇಳಿ, "ನಮ್ಮ ಪಂಪಿನದೇ ಶಬ್ದ, ಸ್ವಲ್ಪ ದಪ್ಪ" ಎಂದರು.

ರಿಪೇರಿಗೆ ಪಾಲುದಾರರೆಲ್ಲ ಹೆಚ್ಚಿಗೆ ಹಣ ಹಾಕಬೇಕಾಗಿತ್ತು. ನಮ್ಮವರು ನನ್ನನ್ನು ಕೇಳದೇ 200 ಪೌಂಡ್ ಕಳಿಸಿದ್ದರು. ಬ್ಯಾಂಕಿನ ಪುಸ್ತಕ ತಾಳೆ ನೋಡುವಾಗ ಸಿಕ್ಕಿಬಿದ್ದರು. ಜಗಳವಾಡಲು ಬಾಯಿ ತೆರೆದವಳು ಯಾಕೋ ಸುಮ್ಮನಾದೆ. ಆದರೆ ಖರ್ಚನ್ನು ಎಲ್ಲಾದರೂ ಬರೆಯಲೇಬೇಕಲ್ಲ. 'ಪಂಪ್‌ಸೆಟ್ ದುರಸ್ತಿ' ಎಂದು ಬರೆದಿದ್ದೇನೆ.