ಕಾವಲುಗಾರನ ಕವಚಕ್ಕೆ ತುಕ್ಕು ಹಿಡಿಸಿದ ಬಗೆ

ಆಗಸ್ಟ್ 3

ಕತ್ತರಿ, ಅಂಟು, ಹೊಲಿಗೆಯ ಕೆಲಸ ಇಂದಿಗೆ ಮುಗಿಯಿತು. ಎದೆಕವಚ, ಎರಡು ಕೈಕವಚ, ಶಿರಸ್ತ್ರಾಣ, ಗುರಾಣಿ, ಒಂದು ಖಡ್ಗ. ಎಲ್ಲವೂ ಚಾವಡಿಯ ಬೆಂಚಿನ ಮೇಲೆ ಸಾಲಾಗಿ ಕುಳಿತಿವೆ. ಬಣ್ಣ ಬೀಳದ ಬೂದು ಫೋಮ್ ಆದ್ದರಿಂದ ಸದ್ಯಕ್ಕೆ ಯಾರೋ ಚಾಪೆ ಕತ್ತರಿಸಿಟ್ಟಂತೆ ಕಾಣುತ್ತಿದೆ.

ನಮ್ಮೂರ ವಾಚನಾಲಯದ ವಾರ್ಷಿಕೋತ್ಸವಕ್ಕೆ ಈ ಬಾರಿ ನಾವೇ ಬರೆದ ನಾಟಕ. ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ 1763ನೆಯ ಇಸವಿ, ಕಾಸರಗೋಡಿನ ಕಡಲಬದಿಯಲ್ಲಿ ಅದೇ ಅರಸರು ಕಟ್ಟಿಸಿದ ಬೇಕಲ ಕೋಟೆಯ ಬುರುಜು, ಅಲ್ಲೊಬ್ಬ ಮುದಿ ಕಾವಲುಗಾರ. ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ, 1650ರ ಸುಮಾರಿಗೆ, ಕೋಟೆ ಎದ್ದಾಗ ಅವನ ಮುತ್ತಜ್ಜ ತೊಟ್ಟ ಕವಚವನ್ನೇ ಅವನೂ ತೊಟ್ಟಿದ್ದಾನೆ ಎಂಬುದು ನಮ್ಮ ಕಲ್ಪನೆ. ಅಂದರೆ ನಾನು ಮಾಡಬೇಕಾದದ್ದು ನೂರು ವರ್ಷಕ್ಕೂ ಮಿಕ್ಕಿ ಕಡಲಗಾಳಿ ಕುಡಿದ ಕಬ್ಬಿಣ. ಬಳಸಿರುವುದು ಹತ್ತು ಮತ್ತು ಐದು ಮಿಲಿಮೀಟರ್ ದಪ್ಪದ ಇವಿಎ ಫೋಮ್ (ರಬ್ಬರಿನಂತೆ ಬಾಗುವ ಹಗುರ ಹಾಳೆ), ಚಪ್ಪಲಿ ರಿಪೇರಿಯವರ ರಬ್ಬರ್ ಅಂಟು ಮತ್ತು ನಮ್ಮ ತೋಟದ ಅಡಿಕೆ ಹಾಳೆ.

ಶಿರಸ್ತ್ರಾಣದ ಒಳಗೆ ಇರುವುದು ಮುಟ್ಟಾಳೆ. ತೋಟದ ಕೆಲಸಕ್ಕೆ ತಲೆಗಿಡುವ ಆ ಹಾಳೆಯ ಟೊಪ್ಪಿಗಿಂತ ಹಗುರವಾದ, ತಲೆಗೆ ಸರಿಯಾಗಿ ಕೂರುವ ಅಚ್ಚು ನನಗೆ ಬೇರೆ ಸಿಗಲಿಲ್ಲ. ಅದರ ಮೇಲೆ ಫೋಮಿನ ಪಟ್ಟಿಗಳನ್ನು ಅಂಟಿಸಿದ್ದೇನೆ.

ಆಗಸ್ಟ್ 10

ಫೋಮಿಗೆ ನೇರವಾಗಿ ಬಣ್ಣ ಹಚ್ಚಿದರೆ ಅದು ಸ್ಪಂಜಿನಂತೆ ಹೀರಿಬಿಡುತ್ತದೆ. ಮೊದಲು ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸಬೇಕು. ಮೇಲ್ಮೈಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು ಸಣ್ಣಗೆ ಹೊಳಪು ಬರುತ್ತದೆ. ಆ ಹೊಳಪು ಕಂಡ ಕೂಡಲೇ ನಿಲ್ಲಿಸಬೇಕು. ಆಮೇಲೆ ನೀರು ಬೆರೆಸಿದ ಫೆವಿಕಾಲ್ ನಾಲ್ಕು ಕೈ, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಆಟಿ ತಿಂಗಳ ಮಳೆಯಲ್ಲಿ ಒಂದು ಕೈ ಒಣಗಲು ಒಂದು ಹಗಲು ಸಾಲದು. ನಾಲ್ಕು ಕೈಗೆ ವಾರ ಹೋಯಿತು.

ಇಂದು ಮಳೆ ಬಿಟ್ಟು ಎರಡು ಗಂಟೆ ಬಿಸಿಲು ಕಾಣಿಸಿತು. ಅದನ್ನು ನಂಬಿ ಅಂಗಳದಲ್ಲಿ ಎದೆಕವಚಕ್ಕೆ ಕಪ್ಪು ಸ್ಪ್ರೇ ಹೊಡೆದೆ. ಅರ್ಧ ಗಂಟೆಯೊಳಗೆ ಕಪ್ಪಿನ ಮೇಲೆ ಹಾಲು ಚೆಲ್ಲಿ ಒರೆಸಿದಂಥ ಬಿಳಿ ಪೊರೆ. ಸ್ಪ್ರೇಯ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿಯೇ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಸಿಲಿದ್ದರೂ ಗಾಳಿಯಲ್ಲಿ ನೀರಿತ್ತು. ಉಳಿದ ಎಲ್ಲದಕ್ಕೂ ಕುಂಚದಲ್ಲಿಯೇ ಕಪ್ಪು ಆಕ್ರಿಲಿಕ್ ಬಳಿಯುತ್ತೇನೆ. ಎದೆಕವಚಕ್ಕೂ ಅದನ್ನೇ ಮೇಲಿಂದ ಬಳಿದರೆ ಬಿಳುಪು ಮುಚ್ಚಿಹೋಗುತ್ತದೆ.

ಮುಟ್ಟಾಳೆಯ ಒಳಮೈಗೆ ಬೂಷ್ಟು ಹಿಡಿದಿತ್ತು. ಹೊರಮೈಗೆ ಮಾತ್ರ ಫೆವಿಕಾಲ್ ಬಳಿದು ಒಳಗನ್ನು ಬಿಟ್ಟದ್ದೇ ತಪ್ಪು. ಒರೆಸಿ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು, ಒಳಗೂ ಎರಡು ಕೈ ಕೊಟ್ಟೆ.

ಆಗಸ್ಟ್ 24

ಈ ವಾರ ಕುಂಚ ಮುಟ್ಟಲಿಲ್ಲ. ನೋಡುವುದೇ ಕೆಲಸವಾಯಿತು, ಮತ್ತು ಇದುವರೆಗಿನ ದಿನಗಳಲ್ಲಿ ನನಗೆ ಅತಿ ಹೆಚ್ಚು ಪ್ರಯೋಜನವಾದದ್ದು ಈ ವಾರವೇ.

ಹಿಂದೆ ಒಂದು ನಾಟಕಕ್ಕೆ ಗುರಾಣಿ ಮಾಡಿದ್ದಾಗ ಕಂದು ಬಣ್ಣವನ್ನು ಎಲ್ಲೆಂದರಲ್ಲಿ ಚುಕ್ಕೆ ಹಾಕಿ ತುಕ್ಕು ಎಂದುಕೊಂಡಿದ್ದೆ. ಅದು ಹಳೆಯದಾಗಿ ಕಾಣಲಿಲ್ಲ, ಕೊಳಕಾಗಿ ಕಂಡಿತು. ಏಕೆಂದು ಆಗ ತಿಳಿದಿರಲಿಲ್ಲ.

ಕುಂಬಳೆಯ ಕಡಲಬದಿಯಲ್ಲಿ ನಮ್ಮ ಸಂಬಂಧಿಕರ ಮನೆಯಿದೆ. ಅಲ್ಲಿನ ಕಬ್ಬಿಣದ ಕಿಟಕಿ ಸರಳುಗಳ ಮುಂದೆ ಒಂದು ಗಂಟೆ ನಿಂತೆ. ಕಡಲಿಗೆ ಮುಖ ಮಾಡಿದ ಮೈಯಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಉಗುರಿನಿಂದ ಒತ್ತಿದರೆ ಹಪ್ಪಳದಂತೆ ಮುರಿದು ಒಳಗಿನ ಕೆಂಪು ಪುಡಿ ಉದುರುತ್ತದೆ. ಅದೇ ಸರಳಿನ ಒಳಮೈ ಮಾತ್ರ ಇಂದಿಗೂ ಹಸಿರು ಪೇಂಟಿನಲ್ಲಿಯೇ ಇದೆ. ಅಡ್ಡಪಟ್ಟಿಗೆ ಸರಳು ಸೇರುವ ಸಂದಿಯಲ್ಲಿ ನೀರು ನಿಲ್ಲುವುದರಿಂದ ತುಕ್ಕಿನ ಮೂಲ ಅಲ್ಲಿ. ಪ್ರತಿಯೊಂದು ಸಂದಿಯಿಂದಲೂ ಸುಣ್ಣದ ಗೋಡೆಯ ಮೇಲೆ ಒಂದೊಂದು ಗೆರೆ ಇಳಿದಿದೆ: ಮೇಲೆ ಕಡುಕಂದು, ಇಳಿಯುತ್ತ ಕಿತ್ತಳೆ, ಕೊನೆಗೆ ಗೋಡೆಯಲ್ಲಿ ಕರಗಿಹೋಗುವ ಹಳದಿ. ಒಂದು ಗೆರೆಯೂ ಅಡ್ಡಕ್ಕೆ ಹೋಗಿಲ್ಲ.

ಮನೆಗೆ ಬಂದು ತೋಟದ ಕತ್ತಿಯನ್ನು ಎತ್ತಿಕೊಂಡೆ. ಅಜ್ಜನ ಕಾಲದ್ದು. ಬಾಯಿ ಬೆಳ್ಳಗೆ ಮಿಂಚುತ್ತದೆ, ದಿನವೂ ಮಸೆಯುತ್ತೇವಲ್ಲ. ತುಕ್ಕು ಇರುವುದು ಹಿಡಿಯ ಬುಡದಲ್ಲಿ, ಮಸೆಗಲ್ಲು ಮುಟ್ಟದ ಮೂಲೆಯಲ್ಲಿ. ದೇವರ ಮುಂದಿನ ಹಿತ್ತಾಳೆಯ ದೀಪವೂ ಹೀಗೆಯೇ: ಹುಣಸೆಹುಳಿ ಹಾಕಿ ತಿಕ್ಕುವ ಕೈಗೆ ಸಿಗುವ ಉಬ್ಬೆಲ್ಲ ಹೊಳಪು, ಬೆರಳು ಹೋಗದ ಗೀರುಗಳಲ್ಲಿ ಹಸಿರು ಕಿಲುಬು.

ಹಾಗಾಗಿ ನಮ್ಮ ಕಾವಲುಗಾರನ ಖಡ್ಗದ ಬಾಯಿಗೆ ನಾನು ತುಕ್ಕು ಹಚ್ಚುವುದಿಲ್ಲ. ಅವನು ಕೆಲಸ ಬಲ್ಲವನು, ಅದನ್ನು ಮಸೆದಿರುತ್ತಾನೆ. ಎದೆಕವಚಕ್ಕೂ ಒಂದು ದಿಕ್ಕು ಗೊತ್ತುಮಾಡಿದೆ. ಅವನು ನಿಲ್ಲುವ ಬುರುಜಿನಲ್ಲಿ ಬಡಗಣಕ್ಕೆ ಮುಖ ಮಾಡಿದರೆ ಕಡಲು ಎಡಕ್ಕೆ. ಎಡಬದಿಗೆ ಹೆಚ್ಚು ತುಕ್ಕು, ಬಲಕ್ಕೆ ಕಡಿಮೆ. ಪ್ರೇಕ್ಷಕರಲ್ಲಿ ಒಬ್ಬರಿಗೂ ಇದು ಗೊತ್ತಾಗಬೇಕಾಗಿಲ್ಲ. ಆದರೆ ಕೈಗೆ ಗೊತ್ತಿದ್ದರೆ ಕುಂಚ ಸುಮ್ಮನೆ ಅಲೆಯುವುದಿಲ್ಲ.

ಸೆಪ್ಟೆಂಬರ್ 14

ಮಳೆ ಇಳಿದಿದೆ, ಕೆಲಸ ಓಡುತ್ತಿದೆ.

ಕಪ್ಪಿನ ಮೇಲೆ ಬೆಳ್ಳಿ ಬಣ್ಣ. ಕುಂಚವನ್ನು ಬಣ್ಣದಲ್ಲಿ ಅದ್ದಿ, ಹಳೆಯ ಬಟ್ಟೆಯ ಮೇಲೆ ಒರೆಸಿ ಒರೆಸಿ, ಇನ್ನು ಏನೂ ಉಳಿದಿಲ್ಲ ಎನ್ನಿಸುವಾಗ ಕವಚದ ಮೇಲೆ ಹಗುರವಾಗಿ ಆಡಿಸಬೇಕು. ಉಬ್ಬುಗಳಿಗೆ ಮಾತ್ರ ಬೆಳ್ಳಿ ತಾಗಿ ತಗ್ಗುಗಳು ಕಪ್ಪಾಗಿ ಉಳಿಯುತ್ತವೆ, ಫೋಮ್ ಮೊದಲ ಬಾರಿಗೆ ಲೋಹವಾಗುತ್ತದೆ. ಅಂಚುಗಳಿಗೆ 6ಬಿ ಪೆನ್ಸಿಲಿನ ಸೀಸವನ್ನು ಪುಡಿಮಾಡಿ ಬೆರಳಿನಿಂದ ಉಜ್ಜಿದೆ. ಬಣ್ಣಕ್ಕೆ ಬರದ ಒಂದು ತಣ್ಣನೆಯ ಹೊಳಪು ಅದಕ್ಕಿದೆ. ಆಮೇಲೆ ಕಂದು ಮತ್ತು ಕಪ್ಪನ್ನು ಚಹಾದಷ್ಟು ತೆಳ್ಳಗೆ ನೀರಿನಲ್ಲಿ ಕರಗಿಸಿ ಇಡೀ ಮೈಗೆ ಬಳಿದು, ಒದ್ದೆಯಿರುವಾಗಲೇ ಮೇಲಿನದನ್ನು ಒರೆಸಿದೆ. ಸಂದಿಗಳಲ್ಲಿ ಕೊಳೆ ಕೂತಿತು.

ತುಕ್ಕಿಗೆ ಅಂಗಡಿಯ ಬಣ್ಣಗಳಲ್ಲಿ ಮೂರು ಬೆರಕೆ ಮಾಡಿ ನೋಡಿದೆ. ಮೂರೂ ಪೇಂಟಿನಂತೆಯೇ ಕಂಡವು. ಹಿತ್ತಿಲಿನಲ್ಲಿ ಬಾವಿ ತೋಡಿದಾಗ ರಾಶಿ ಹಾಕಿದ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಮಣ್ಣು ಇನ್ನೂ ಇದೆ. ಒಣಗಿಸಿ, ಕುಟ್ಟಿ, ಪಂಚೆಯ ತುಂಡಿನಲ್ಲಿ ಎರಡು ಸಲ ಜಾಲಿಸಿದಾಗ ಅರಸಿನದ ಪುಡಿಯಷ್ಟು ನುಣ್ಣನೆಯ ಕೆಂಪು ಸಿಕ್ಕಿತು. ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ ಸ್ಪಂಜಿನ ಚೂರಿನಿಂದ ತಟ್ಟಿದೆ. ಒಣಗಿದ ಮೇಲೆ ಕಿಟಕಿಯ ಸರಳಿನಲ್ಲಿ ಕಂಡದ್ದೇ ಇಲ್ಲಿಯೂ ಕಂಡಿತು: ಮಂಕು, ಒರಟು, ಬೆರಳಿಗೆ ಸ್ವಲ್ಪ ಹತ್ತುವ ಪುಡಿ.

ಆಶ್ಚರ್ಯವೇನೂ ಇಲ್ಲ. ಮುರಕಲ್ಲನ್ನು ಕೆಂಪಾಗಿಸಿದ್ದು ಕಬ್ಬಿಣದ ಆಕ್ಸೈಡ್, ತುಕ್ಕೂ ಅದರದ್ದೇ ಬಳಗ. ಬೇಕಲದ ಕೋಟೆ ಕಟ್ಟಿದ್ದೂ ಮುರಕಲ್ಲಿನಿಂದಲೇ. ಕೋಟೆಯ ಮೈಯ ಬಣ್ಣವೇ ಕಾವಲುಗಾರನ ಮೈಗೂ ಬಂದಿತೆಂದು ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಎದೆಯ ಹಿತ್ತಾಳೆ ಬಿಲ್ಲೆಗೆ ಬಿಳಿ ಬೆರೆಸಿದ ನೀಲಿ-ಹಸಿರನ್ನು ಗೀರುಗಳಲ್ಲಿ ಮಾತ್ರ ಇಳಿಸಿದೆ. ಕೈಕವಚ ಹೆಚ್ಚೇನೂ ಕೇಳಲಿಲ್ಲ, ಒಂದೇ ಸಂಜೆಗೆ ಮುಗಿಯಿತು.

ಸೆಪ್ಟೆಂಬರ್ 28

ಮಾವ ಬಂದಿದ್ದರು. ಅವರು ಹಲವು ವರ್ಷ ಯಕ್ಷಗಾನ ಮೇಳದ ಚೌಕಿಯಲ್ಲಿ, ಬಣ್ಣದ ಮನೆಯಲ್ಲಿ, ವೇಷಭೂಷಣದ ಕೆಲಸ ಮಾಡಿದವರು. ಮರದ ಕಿರೀಟ, ಭುಜಕೀರ್ತಿಗಳಿಗೆ ಬೇಗಡೆ ಎಂಬ ಮಿರುಗುವ ತೆಳುಹಾಳೆ ಅಂಟಿಸಿದ ಕೈ ಅವರದ್ದು. ಎದೆಕವಚವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಕೆಲಸ ಚಂದ ಆಗಿದೆ ಮಾರಾಯ. ಆದರೆ ಇದನ್ನು ನೋಡುವವರು ನಿನ್ನ ಚಾವಡಿಯಲ್ಲಿ ಕೂರುವುದಿಲ್ಲವಲ್ಲ?”

“ಅಂದರೆ ಹೇಗೆ ಮಾವ?”

“ರಂಗಸ್ಥಳಕ್ಕೆ ತೆಗೆದುಕೊಂಡು ಹೋಗು. ಕೊನೆಯ ಸಾಲಿನಲ್ಲಿ ಕೂತು ನೋಡು. ಆಮೇಲೆ ಹೇಳು.”

ಸಂಜೆ ವಾಚನಾಲಯದ ವೇದಿಕೆಯಲ್ಲಿ ಕವಚವನ್ನು ಕುರ್ಚಿಗೆ ತೊಡಿಸಿ, ದೀಪ ಹಾಕಿಸಿ, ಇಬ್ಬರೂ ಹಿಂದೆ ಹೋಗಿ ಕೂತೆವು. ನನ್ನ ಎರಡು ತಿಂಗಳ ಕೆಲಸ ಅಲ್ಲಿಂದ ಒಂದು ಕಂದು ಮರದ ಹಲಗೆಯಂತೆ ಕಾಣುತ್ತಿತ್ತು. ಗೆರೆಗಳಿಲ್ಲ, ಕಿಲುಬಿಲ್ಲ, ಲೋಹವೇ ಇಲ್ಲ. ಬಿಳಿ ಎಲ್‌ಇಡಿ ಬೆಳಕು ಕೆಂಪನ್ನೆಲ್ಲ ನುಂಗಿ ಬೂದು ಮಾಡಿತ್ತು.

ಮಾವ ಬೇಗಡೆಯ ಮಾತು ತೆಗೆದರು. ದೊಂದಿಯ, ಗ್ಯಾಸ್‌ಲೈಟಿನ ಕಾಲದಲ್ಲಿ ದೂರದ ಕಣ್ಣಿಗೆ ಕಿರೀಟವನ್ನು ಮುಟ್ಟಿಸುತ್ತಿದ್ದುದು ಅದರ ಮಿಂಚು. ಪಕ್ಕದಲ್ಲಿಯೇ ಕಪ್ಪು ಇದ್ದಾಗ ಮಾತ್ರ ಆ ಮಿಂಚು ಎದ್ದು ಕಾಣುತ್ತದೆ ಎಂದರು. ಹೊಸದನ್ನು ಹಾಳು ಮಾಡುವುದೇಕೆ ಎಂದು ಅವರು ಕೇಳಬಹುದೆಂದು ನಾನು ಅಂಜಿದ್ದೆ. ಅವರ ಚಿಂತೆ ಬೇರೆಯೇ ಇತ್ತು: ಹಾಳಾದದ್ದು ಎಲ್ಲರಿಗೂ ಕಾಣಬೇಕು.

ಅಕ್ಟೋಬರ್ 12

ಎರಡು ಭಾನುವಾರ ಹಿಡಿಯಿತು. ಅಂಚುಗಳಿಗೆಲ್ಲ ಶುದ್ಧ ಬೆಳ್ಳಿ, ಈ ಬಾರಿ ಧಾರಾಳವಾಗಿ. ಪಟ್ಟಿಗಳ ನಡುವಿನ ಸಂದಿಗಳಿಗೆ ಕಡುಗಪ್ಪು. ತುಕ್ಕಿನ ಗೆರೆಗಳನ್ನು ಹೆಬ್ಬೆರಳಿನಷ್ಟು ಅಗಲ ಮಾಡಿದೆ, ಆದರೆ ಹುಟ್ಟುವ ಜಾಗವನ್ನು ಬದಲಿಸಲಿಲ್ಲ. ಮೊಳೆಯ ಬುಡದಿಂದಲೇ ಹೊರಟು ನೆಟ್ಟಗೆ ಇಳಿಯುತ್ತವೆ. ಮುರಕಲ್ಲಿನ ಕೆಂಪಿನ ಮೇಲೆ ಅಲ್ಲಲ್ಲಿ ಕಿತ್ತಳೆ ಸೇರಿಸಿದ್ದರಿಂದ ಎಲ್‌ಇಡಿ ಬೆಳಕಿನಲ್ಲಿಯೂ ಅದು ಸಾಯುವುದಿಲ್ಲ. ಗುರಾಣಿಯ ಕಿಲುಬನ್ನು ಅಂಗೈಯಗಲ ಮಾಡಿದೆ. ಹತ್ತಿರದಿಂದ ಈಗ ಸ್ವಲ್ಪ ಅತಿ ಎನಿಸುತ್ತದೆ. ಹಿಂದಿನ ಸಾಲಿನಿಂದ ನೋಡಿದರೆ ಕಡಲು ಎಡಕ್ಕಿದೆ ಎಂಬುದೂ ಗೊತ್ತಾಗುತ್ತದೆ.

ಮೇಲೆ ಮ್ಯಾಟ್ ವಾರ್ನಿಷ್ ಒಂದು ಕೈ. ಅಂಚುಗಳಿಗೆ ಬಿಟ್ಟೆ, ಹಚ್ಚಿದ್ದರೆ ಪೆನ್ಸಿಲ್ ಸೀಸದ ಹೊಳಪು ಸತ್ತುಹೋಗುತ್ತಿತ್ತು.

ಅಕ್ಟೋಬರ್ 19

ಮೊದಲ ತಾಲೀಮಿನಲ್ಲಿ ಪಾತ್ರಧಾರಿ ತೊಟ್ಟು ಬಾಗಿದಾಗ ಪಕ್ಕೆಯ ಮಡಿಕೆಯಲ್ಲಿ ಬಣ್ಣ ಬಿರುಕುಬಿಟ್ಟಿತು. ಅಲ್ಲಿ ಮಣ್ಣಿನ ಲೇಪ ದಪ್ಪವಾಗಿತ್ತು. ಕೆರೆದು ತೆಗೆದು ತೆಳುವಾಗಿ ಮತ್ತೆ ಹಚ್ಚಬೇಕು. ಎದೆಯ ಭಾಗದ ಎರಡು ಬಿರುಕುಗಳನ್ನು ಹಾಗೆಯೇ ಬಿಡುತ್ತೇನೆ, ಅವು ಇರುವ ಜಾಗ ಸರಿಯಾಗಿದೆ.

ಕೊನೆಯ ದೃಶ್ಯದಲ್ಲಿ ಕಾವಲುಗಾರ ಗುರಾಣಿಯನ್ನು ಕವುಚಿ ನೆಲಕ್ಕಿಟ್ಟು ಹೊರಡುತ್ತಾನೆ. ಅದರ ಒಳಮೈಯನ್ನು ನಾನು ಬರೀ ಕಪ್ಪು ಬಳಿದು ಬಿಟ್ಟಿದ್ದೆ. ಇವತ್ತು ಅದನ್ನೇ ಹಿಡಿದು ಕೂತಿದ್ದೇನೆ. ಒಳಗೆ ತುಕ್ಕು ಕಡಿಮೆ ಇರಬೇಕು, ಮಳೆ ತಾಗುವುದಿಲ್ಲ. ಹಿಡಿಯ ತೊಗಲಿಗೆ ಮಾತ್ರ ತೆಂಗಿನೆಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಉಜ್ಜುತ್ತಿದ್ದೇನೆ, ಎಡಗೈಯ ನಾಲ್ಕು ಬೆರಳು ಸುತ್ತುವ ಕಡೆಯಲ್ಲಿ ಹೆಚ್ಚು, ಹೆಬ್ಬೆರಳು ಒತ್ತುವಲ್ಲಿ ಇನ್ನೂ ಹೆಚ್ಚು.