ಗುಲ್ಮಾರ್ಗದ ಹಿಮ, ಕೊರಟಗೆರೆಯ ಹುಣಸೆಮರ

ಅಕ್ಕನ ಮಗನನ್ನು ಮರುತಪಾಸಣೆಗೆಂದು ತುಮಕೂರಿನ ಆಸ್ಪತ್ರೆಯೊಂದಕ್ಕೆ ಈ ಸೋಮವಾರ ಕರೆದುಕೊಂಡು ಹೋಗಿದ್ದೆ. ಗೆಳೆಯರೊಂದಿಗೆ ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗಿದ್ದ ಅವನು, ಹಿಮದ ಮೇಲೆ ಜಾರುವ ಹಲಗೆಯಾದ ಸ್ನೋಬೋರ್ಡಿನ ಮೇಲೆ ನಿಲ್ಲುವುದನ್ನು ಕಲಿತ ಮರುದಿನವೇ ಸಣ್ಣ ದಿಬ್ಬವೊಂದರಿಂದ ಹಾರಿ, ಕುಳಿತ ಭಂಗಿಯಲ್ಲಿ ನೆಲಕ್ಕೆ ಬಡಿದು, ಸೊಂಟದ ಮೊದಲನೆಯ ಕಶೇರುವನ್ನು, ಎಂದರೆ ಬೆನ್ನುಮೂಳೆಯ ಒಂದು ಮಣಿಯನ್ನು, ಮುರಿದುಕೊಂಡಿದ್ದಾನೆ. ಎದೆಯಿಂದ ಸೊಂಟದವರೆಗೆ ಗಟ್ಟಿ ಬೆಲ್ಟ್ ಕಟ್ಟಿಕೊಂಡು, ನಿಧಾನವಾಗಿಯಾದರೂ ತನ್ನ ಕಾಲ ಮೇಲೆ ತಾನೇ ನಡೆಯುತ್ತಾನೆ. ದುಡ್ಡು ಕೊಟ್ಟು ಬೀಳಲು ಹೋದವನೆಂದು ಭಾವನವರು ಹೋದಲ್ಲೆಲ್ಲ ಆಡಿಕೊಳ್ಳುತ್ತಿದ್ದಾರೆ. ಮಗ ಬದುಕಿ ಬಂದ ಸಮಾಧಾನವನ್ನು ಹೀಗೆ ಬೈಗುಳದಲ್ಲೇ ತೋರಿಸಬೇಕೆಂಬುದು ಅವರ ಸ್ವಭಾವ.

ಎಕ್ಸ್‌ರೇ ಕೋಣೆಯ ಹೊರಗೆ ನಮ್ಮ ಪಕ್ಕದಲ್ಲಿ ಸ್ಟ್ರೆಚರಿನ ಮೇಲೆ ಕೊರಟಗೆರೆ ಕಡೆಯ ಹಿರಿಯರೊಬ್ಬರು ಮಲಗಿದ್ದರು. ಹುಣಸೆ ಬಡಿಯಲು ಮರ ಹತ್ತಿದ್ದಾಗ ಕೊಂಬೆ ಮುರಿದು ಬಿದ್ದವರು. ಸೊಂಟದಿಂದ ಕೆಳಗೆ ಅವರಿಗೆ ಸ್ಪರ್ಶಜ್ಞಾನವಿರಲಿಲ್ಲ. ಹುಡುಗ ಬಿದ್ದದ್ದು ಹಿಮದ ಮೇಲೆ ಎಂದು ತಿಳಿದಾಗ ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಹಿಮ ಅಂದ್ರೆ ಮೆತ್ತಗಿರ್ತದಂತಲ್ಲ ಸಾಮಿ, ಅದ್ರ ಮ್ಯಾಲೆ ಬಿದ್ರೆ ಮೂಳೆ ಹೆಂಗ್ ಮುರಿತದೆ?” ಎಂದು ನನ್ನನ್ನೇ ಕೇಳಿದರು.

ಪ್ರಶ್ನೆ ಸರಿಯಾದದ್ದೇ. ಆಗತಾನೇ ಬಿದ್ದ ಹಿಮ ಮೆತ್ತಗಿರುವುದು ನಿಜ. ಆದರೆ ಜನ ಆಡುವ ಇಳಿಜಾರಿನಲ್ಲಿ ಯಂತ್ರ ಹಾಯಿಸಿ ಒತ್ತಿದ, ರಾತ್ರಿಯ ಚಳಿಗೆ ಬಿಗಿದ ಹಿಮ ಕಾಂಕ್ರೀಟಿಗೆ ಹತ್ತಿರವಾಗಿರುತ್ತದೆ. ಕಾಲಿಗೊಂದರಂತೆ ಎರಡು ಉದ್ದ ಪಟ್ಟಿ ಕಟ್ಟಿಕೊಂಡು ಜಾರುವ ಸ್ಕೀ ಆಟದವರು ಬಿದ್ದು ಕಾಲು ತಿರುಚಿದಾಗ ಪಟ್ಟಿಯಿಂದ ಬೂಟು ತಾನಾಗಿಯೇ ಕಳಚಿಕೊಳ್ಳುವ ವ್ಯವಸ್ಥೆಯಿದೆ. ಸ್ನೋಬೋರ್ಡಿನಲ್ಲಿ ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿದ್ದು ಬಿದ್ದರೂ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ, ಹಿಂದಕ್ಕೆ ಆಯ ತಪ್ಪಿದವನು ಕಾಲೂರಿ ಸಾವರಿಸಿಕೊಳ್ಳಲಾಗದೆ ನೇರವಾಗಿ ಕುಂಡೆಯ ಮೇಲೆ ಕೂರುತ್ತಾನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಎರಡು ಸ್ಕೀ ತಾಣಗಳ ದಾಖಲೆಗಳನ್ನಾಧರಿಸಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಲಕ್ಷ ಆಟದ ದಿನಗಳಿಗೆ (ಒಬ್ಬರು ಒಂದು ದಿನ ಆಡಿದರೆ ಒಂದು ಆಟದ ದಿನ) ಸ್ಕೀ ಆಡುವವರಲ್ಲಿ ಒಂದು ಬೆನ್ನುಮೂಳೆಯ ಗಾಯವಾದರೆ ಸ್ನೋಬೋರ್ಡಿನವರಲ್ಲಿ ನಾಲ್ಕು ಆಗಿದ್ದವು. ಸ್ಕೀಯವರ ಗಾಯಗಳಲ್ಲಿ ಶೇಕಡಾ 20ರಷ್ಟು ಮಾತ್ರ ಹಾರಿದಾಗ ಆದವು. ಸ್ನೋಬೋರ್ಡಿನವರಲ್ಲಿ ಆ ಪಾಲು ಶೇಕಡಾ 77. ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಬೆನ್ನಿಗೆ ಅದರಿಂದ ಉಪಕಾರವಿಲ್ಲ. ನಮ್ಮ ಹುಡುಗ ಹೆಲ್ಮೆಟ್ ಧರಿಸಿಯೇ ಇದ್ದ.

ಇಷ್ಟನ್ನೂ ಹಿರಿಯರಿಗೆ ಹೇಳಲಿಲ್ಲ; ಒತ್ತಿದ ಹಿಮ ಕಲ್ಲಿನಂತಿರುತ್ತದೆ ಎಂದಷ್ಟೇ ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಆಗ ಅವರ ಮಗ, ತಂದೆಯ ಎಕ್ಸ್‌ರೇ ಹಾಳೆಯನ್ನು ಸುರುಳಿ ಸುತ್ತಿ ಹಿಡಿದು ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದವನು, ನಮ್ಮ ಹುಡುಗನನ್ನು ಕೇಳಿದ: “ನಿಮ್ಮನ್ನ ಅಲ್ಲಿಂದ ಯಾರು ಎತ್ಕೊಂಡು ಬಂದ್ರಣ್ಣ?”

“ಯಾರೂ ಎತ್ತಲಿಲ್ಲ. ಬಿದ್ದೋರನ್ನ ನೋಡ್ಕೊಳ್ಳೋ ಸ್ಕೀ ಪಟ್ರೋಲ್‌ನೋರು ಬರೋ ತನಕ ಅಲುಗಾಡಬೇಡ ಅಂತ ಜೊತೆಗಿದ್ದೋರು ತಲೆ ಹಿಡ್ಕೊಂಡು ಕೂತಿದ್ರು, ಅಷ್ಟೇ.”

“ನಾವು ಎತ್ಕೊಂಡೇ ಓಡಿದ್ವಿ,” ಎಂದ ಅವನು.

ಈ ನಾಲ್ಕು ಮಾತುಗಳು ವಾರವಿಡೀ ನನ್ನನ್ನು ಬಿಟ್ಟಿಲ್ಲ. ನಮ್ಮವನು ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದನಷ್ಟೆ, ಅದರಲ್ಲಿ ಜಂಬವೇನೂ ಇರಲಿಲ್ಲ. ಆದರೂ ಆ ಉತ್ತರ ಅಲ್ಲಿ ನಿಂತಿದ್ದವನಿಗೆ ಏನು ಮಾಡಿರಬಹುದೆಂದು ನೆನೆದರೆ ಕಸಿವಿಸಿಯಾಗುತ್ತದೆ. ಒಬ್ಬರು ಕಂಕುಳಿಗೆ, ಒಬ್ಬರು ಮೊಣಕಾಲಿಗೆ ಕೈಹಾಕಿ, ನಡುವನ್ನು ಜೋಲಾಡಿಸಿಕೊಂಡು ಆಟೋಗೆ ತುಂಬಿದ್ದರಂತೆ. 108ಕ್ಕೆ ಕರೆ ಮಾಡಿ ಕಾಯುವುದಕ್ಕಿಂತ ಇದೇ ಬೇಗವೆಂದು ಎಲ್ಲರಿಗೂ ತೋರಿತ್ತು. ಅಪ್ಪ ನೋವಿನಿಂದ ಕೂಗುತ್ತಿರುವಾಗ ಮುಟ್ಟದೆ ನಿಲ್ಲುವ ಮಗನನ್ನು ನಮ್ಮ ಊರುಗಳಲ್ಲಿ ಯಾರು ತಾನೇ ಮೆಚ್ಚುತ್ತಾರೆ?

ಒಳಗೆ ಹೋದಾಗ, ಆ ಹಿರಿಯರಿಗೆ ಹೀಗಾದದ್ದು ಎತ್ತಿದ್ದರಿಂದಲೇ ಎಂದು ವೈದ್ಯರನ್ನು ಕೇಳಿದೆ. ಬೇರೆ ರೋಗಿಯ ವಿಷಯ ತಾವು ಮಾತನಾಡುವುದಿಲ್ಲವೆಂದು ಮೊದಲೇ ಹೇಳಿ, ಸಾಮಾನ್ಯ ಸಂಗತಿಯನ್ನಷ್ಟೇ ವಿವರಿಸಿದರು. ಪಕ್ಕೆಲುಬುಗಳ ಆಸರೆಯಿರುವ ಎದೆಯ 12 ಕಶೇರುಗಳು ಹೆಚ್ಚು ಬಾಗುವುದಿಲ್ಲ, ಸೊಂಟದ 5 ಬಾಗುತ್ತವೆ. ಎತ್ತರದಿಂದ ಬಿದ್ದ ಪೆಟ್ಟು ಇವೆರಡೂ ಕೂಡುವ ಜಾಗದಲ್ಲೇ ಹೆಚ್ಚಾಗಿ ಒಡೆಯುತ್ತದೆ, ಬಿದ್ದದ್ದು ಮರದಿಂದಲೋ ಹಿಮದ ದಿಬ್ಬದಿಂದಲೋ ಎಂಬುದನ್ನು ಮೂಳೆ ನೋಡುವುದಿಲ್ಲ. ಮಿದುಳುಬಳ್ಳಿ, ಎಂದರೆ ಬೆನ್ನುಮೂಳೆಯೊಳಗಿನ ನರಗಳ ಹುರಿ, ಮುಗಿಯುವುದೂ ಅಲ್ಲೇ ಹತ್ತಿರದಲ್ಲಿ. ಒಡೆದ ಚೂರು ಬೀಳುವ ಕ್ಷಣದಲ್ಲೇ ಅದನ್ನು ಜಜ್ಜಬಹುದು. ಬೀಳುವಾಗ ಉಳಿದುಕೊಂಡ ಬಳ್ಳಿ ಎತ್ತುವಾಗ ಜಜ್ಜಿಹೋಗಲೂಬಹುದು. ಯಾವುದು ಯಾವಾಗ ಆಯಿತೆಂದು ಆಮೇಲೆ ಹೇಳಲು ಬಹುಪಾಲು ಸಾಧ್ಯವಿಲ್ಲ.

ಇದನ್ನು ಹೊರಗಿದ್ದ ಮಗನಿಗೆ ತಿಳಿಸಬೇಕೆಂದು ನಮ್ಮ ಹುಡುಗ ಹಟ ಹಿಡಿದ. ತಪ್ಪೆಲ್ಲ ತನ್ನದೆಂದು ಅವನು ಕೊರಗುವುದು ಬೇಡ ಎಂಬುದು ಇವನ ವಾದ. ಅರ್ಧ ಸಮಾಧಾನ ಹೇಳಿ ಉಳಿದರ್ಧದ ಅನುಮಾನವನ್ನು ಅವನ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂದು ನಾನು ತಡೆದೆ. ನಾವು ಹೊರಬರುವಷ್ಟರಲ್ಲಿ ಅವರನ್ನು ಬೇರೆಡೆಗೆ ಕರೆದೊಯ್ದಿದ್ದರು. ಈ ವಿಷಯದಲ್ಲಿ ಇವನಿಗೆ ನನ್ನ ಮೇಲೆ ಇನ್ನೂ ಕೋಪವಿದೆ.

ನನ್ನ ಕೋಪ ಬೇರೆ ಕಡೆಗಿದೆ. ವಿನೋದಕ್ಕೆ ಬೀಳುವವರಿಗಾಗಿ ಇಳಿಜಾರಿನಲ್ಲಿ ಸ್ಟ್ರೆಚರೂ ಅದನ್ನು ಬಳಸಲು ತಿಳಿದ ಜನರೂ ಸಿದ್ಧರಿರುತ್ತಾರೆ, ಇರಲೇಬೇಕು. ಪ್ರತಿ ವರ್ಷವೂ ಹುಣಸೆಮರಗಳ ಫಸಲನ್ನು ಹರಾಜು ಹಾಕುವ ನಮ್ಮಲ್ಲಿ, ಮರ ಹತ್ತುವವನು ಬಿದ್ದರೆ ಏನು ಮಾಡಬೇಕೆಂಬ ಮಾತು ಹರಾಜಿನ ಷರತ್ತುಗಳಲ್ಲಿ ಏಕಿರಬಾರದು? ತೆಂಗಿನ ತೋಟದ ಮಾಲೀಕರಿಗೂ ಇದೇ ಪ್ರಶ್ನೆ. ಭಾವನವರು ಇದನ್ನು ಕೇಳಿ, ಗುತ್ತಿಗೆದಾರನೇನು ಮರದ ಬುಡದಲ್ಲಿ ಆಸ್ಪತ್ರೆ ಕಟ್ಟಿಸುತ್ತಾನೆಯೇ ಎಂದು ನಕ್ಕರು. ಆಸ್ಪತ್ರೆ ಬೇಕಿಲ್ಲ. ಆಂಬುಲೆನ್ಸ್ ಬರುವವರೆಗೆ ಬಿದ್ದವರನ್ನು ಇದ್ದಲ್ಲೇ ಇರಿಸುವುದು, ಕತ್ತನ್ನು ಅಲುಗದಂತೆ ಎರಡೂ ಕೈಯಿಂದ ಹಿಡಿಯುವುದು, ನೀರು ಕುಡಿಸಲು ಎಬ್ಬಿಸಿ ಕೂರಿಸದಿರುವುದು, ಎತ್ತಲೇಬೇಕಾಗಿ ಬಂದರೆ ತಲೆ ಹಿಡಿದವನ ಮಾತಿಗೆ ಎಲ್ಲರೂ ಒಟ್ಟಿಗೆ, ಮೈಯನ್ನು ಒಂದೇ ನೇರದಲ್ಲಿ ಹೊರಳಿಸಿ ಹಲಗೆಗೆ ಹಾಕುವುದು: ಇವನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಹಲಗೆಗೆ ಮನೆಯ ಬಾಗಿಲನ್ನೇ ಕಳಚಿ ತಂದರೂ ಆಗುತ್ತದೆಯೇ ಎಂದು ನಾನು ಕೇಳಿದಾಗ, ಧಾರಾಳವಾಗಿ ಆಗುತ್ತದೆ, ಆದರೆ ಹಿಡಿಯಲು ಕನಿಷ್ಠ ನಾಲ್ಕು ಜನ ಬೇಕು, ಅವರಲ್ಲಿ ಒಬ್ಬನಿಗೆ ತಲೆ ಬಿಟ್ಟರೆ ಬೇರೆ ಕೆಲಸವಿರಬಾರದು ಎಂದು ವೈದ್ಯರು ಹೇಳಿದರು.