ನೆಟ್ ಕೈಕೊಟ್ಟಾಗ ಮೊದಲು ತಂತಿ, ಆಮೇಲೆ ವೈಫೈ, ಕೊನೆಗೆ ಕಂಪನಿ

ರಾತ್ರಿ ಒಂಬತ್ತಕ್ಕೆ ಊರಿಗೆ ವಿಡಿಯೊ ಕಾಲ್ ಹಾಕಿದರೆ ಅಮ್ಮನ ಮುಖ ನಿಂತುಬಿಡುತ್ತದೆ, ಮಾತು ತುಂಡುತುಂಡಾಗಿ ಬರುತ್ತದೆ. ಮುಂಬಯಿ ಸುತ್ತಿನ ಡೊಂಬಿವಲಿ, ಮುಲುಂಡ್, ಭಾಂಡುಪ್ ಕಡೆಯ ನಮ್ಮವರ ಮನೆಗಳಲ್ಲಿ ಆಗ ಬರುವ ಮೊದಲ ಮಾತು, ‘ಈ ಕಂಪನಿ ಸಾಕು, ಬೇರೆ ಹಾಕಿಸೋಣ’. ಕಂಪನಿ ಬದಲಾಗುತ್ತದೆ, ಹೊಸ ರೂಟರ್ ಬಂದು ಹಳೆಯದಿದ್ದ ಅದೇ ಟಿವಿ ಹಿಂದೆ ಕೂರುತ್ತದೆ, ಕಾಲ್ ಮತ್ತೆ ತುಂಡಾಗುತ್ತದೆ. ನೆಟ್ ಬಾಗಿಲ ತನಕ ಸರಿಯಾಗಿ ಬಂದು ಮನೆಯೊಳಗೆ ಕೆಡುತ್ತಿದೆಯೋ, ಬರುವಾಗಲೇ ಕೆಟ್ಟು ಬರುತ್ತಿದೆಯೋ ಎಂಬುದನ್ನು ನೋಡದೆ ದುಡ್ಡು ಖರ್ಚು ಮಾಡಬೇಡಿ. ನೋಡಲು ಅರ್ಧ ಗಂಟೆ ಸಾಕು.

ತೊಂದರೆ ಕಾಣಿಸುವ ಹೊತ್ತಿನಲ್ಲೇ ಲ್ಯಾಪ್‌ಟಾಪ್ ತೆರೆಯಿರಿ. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಮಾಡಿದರೆ ರಾತ್ರಿಯ ರೋಗ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿ ತೆಗೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.29.1, ರೂಟರಿನ ಅಡಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ), ಇನ್ನೊಂದರಲ್ಲಿ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ (ಅಲ್ಲಿಗೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವ ಕಮಾಂಡ್) ಹಾಕಿ ಹತ್ತು ನಿಮಿಷ ಓಡಲು ಬಿಡಿ. ಕಮಾಂಡಿನ ಕೊನೆಗೆ ಒಂದು ಅಡ್ಡಗೆರೆ, ಅದಕ್ಕೆ ಹೊಂದಿಕೊಂಡು ಟಿ ಅಕ್ಷರ ಸೇರಿಸಿದರೆ (ping 8.8.8.8 -t) ನೀವು ನಿಲ್ಲಿಸುವ ತನಕ ಓಡುತ್ತಲೇ ಇರುತ್ತದೆ. ರೂಟರಿನ ಪಿಂಗ್ 2-3 ಮಿಲಿಸೆಕೆಂಡಿನಲ್ಲಿ ಇರಬೇಕು. ಅದೇ 200ಕ್ಕೆ ಹಾರುತ್ತಿದ್ದರೆ, ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ (ಉತ್ತರವೇ ಬರಲಿಲ್ಲ) ಬರುತ್ತಿದ್ದರೆ ತೊಂದರೆ ನಿಮ್ಮ ಗೋಡೆಗಳೊಳಗಿದೆ, ಯಾವ ಕಂಪನಿಯೂ ಅದನ್ನು ಸರಿಮಾಡದು. ರೂಟರಿನದು ಗಟ್ಟಿ ನಿಂತು 8.8.8.8 ಮಾತ್ರ ಬೀಳುತ್ತಿದ್ದರೆ ಲೈನ್ ಹಾಳು.

ಆಮೇಲೆ ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಚ್ಚಿ ಸ್ಪೀಡ್ ಟೆಸ್ಟ್ ಮಾಡಿ. 200 ಎಂಬಿಪಿಎಸ್ ಪ್ಲಾನಿನಲ್ಲಿ ಎಷ್ಟು ಸಲ ನೋಡಿದರೂ 94ರ ಆಸುಪಾಸಿನಲ್ಲೇ ನಿಂತರೆ ಅದು ಕೇಬಲಿನ ಅಥವಾ ಪೋರ್ಟಿನ ಮಿತಿ. ಕ್ಯಾಟ್ 5ಇ ಎಂಬ ಸಾಮಾನ್ಯ ಲ್ಯಾನ್ ಕೇಬಲಿನೊಳಗೆ ಎಂಟು ಎಳೆ ಇರುತ್ತವೆ. ಗಿಗಾಬಿಟ್‌ಗೆ (1,000 ಎಂಬಿಪಿಎಸ್) ಎಂಟೂ ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಆ ನಾಲ್ಕನ್ನು ಬಿಟ್ಟು ಉಳಿದವುಗಳಲ್ಲಿ ಒಂದು ಎಳೆ ಕಡಿದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದೆಯೇ ಎಂದೂ ನೋಡಿ. ನಾಲಿಗೆ ಇಲ್ಲದ ಪ್ಲಗ್ ಗುಡಿಸುವಾಗ ಪೊರಕೆ ತಾಗಿದರೂ ಸಡಿಲವಾಗುತ್ತದೆ.

ಲೈನಿನದೇ ತೊಂದರೆ ಎಂದಾದರೆ ಫೈಬರ್ (ಬೆಳಕಿನಲ್ಲಿ ನೆಟ್ ತರುವ ಗಾಜಿನ ಎಳೆ) ಬಂದು ಸೇರುವ ಪೆಟ್ಟಿಗೆಯ ದೀಪ ನೋಡಿ. ಲೈನ್ ಸಿಕ್ಕಿದೆ ಎಂದು ಹೇಳುವ ಪಿಒಎನ್ ದೀಪ ಹಸಿರಾಗಿ ಸ್ಥಿರವಾಗಿರಬೇಕು. ಎಲ್‌ಒಎಸ್ ಕೆಂಪಾದರೆ ಬೆಳಕು ಬರುತ್ತಲೇ ಇಲ್ಲ ಎಂದರ್ಥ. ಆಗ ರೂಟರನ್ನು ಆರಿಸಿ ಹಾಕಿ ಫಲವಿಲ್ಲ, ನೇರವಾಗಿ ದೂರು ಕೊಡಿ. ಕಾಡುವುದು ಇವೆರಡರ ನಡುವಿನ ಸ್ಥಿತಿ: ದೀಪ ಹಸಿರೇ, ಆದರೆ ಬೆಳಕು ಕ್ಷೀಣ. ತಂತ್ರಜ್ಞ ಬಂದಾಗ ‘ಭಯ್ಯಾ, ಪವರ್ ಕಿತನಾ ಆ ರಹಾ ಹೈ?’ ಎಂದು ಕೇಳಿ, ಮೀಟರಿನ ಅಂಕಿ ನೀವೇ ಕಣ್ಣಾರೆ ನೋಡಿ. ಕೆಲವು ರೂಟರುಗಳ ಸೆಟ್ಟಿಂಗ್ ಪುಟದಲ್ಲೂ ಅದು ಕಾಣುತ್ತದೆ. ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಸಿಗ್ನಲ್ ಬಲದ ಅಳತೆ) ನಡುವೆ ಇದ್ದರೆ ನೆಮ್ಮದಿ. ಮನೆಗಳಲ್ಲಿ ಹಾಕುವ ಸಾಮಾನ್ಯ ಫೈಬರ್ (ಜಿಪಿಒಎನ್) ಪೆಟ್ಟಿಗೆಯ ಅಂಚು ಮೈನಸ್ 27, ಅದಕ್ಕಿಂತ ಕೆಳಗೆ ಹೋದರೆ ಸಂಪರ್ಕ ಬಿಟ್ಟುಬಿಟ್ಟು ಹಿಡಿಯುತ್ತದೆ. ಈ ಲೆಕ್ಕದಲ್ಲಿ 3 ಡಿಬಿ ಇಳಿದರೆ ಬೆಳಕು ಅರ್ಧವಾದ ಹಾಗೆ. ಹಾಗಾಗಿ ಮೈನಸ್ 26ರಲ್ಲಿ ‘ಚಲ್ ರಹಾ ಹೈ ನಾ’ ಎಂದು ಬಿಟ್ಟುಹೋಗಲು ಒಪ್ಪಬೇಡಿ. ಮೊದಲ ಮಳೆಗಾಳಿಗೆ ಅದು ಬೀಳುತ್ತದೆ.

ಬೆಳಕು ಸೋರುವ ಜಾಗಗಳು ಇಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಕೇಬಲ್ ಒಳಗೆ ಬರುವುದು ಸ್ಲೈಡಿಂಗ್ ಕಿಟಕಿಯ ಹಳಿಯ ಸಂದಿನಲ್ಲಿ. ಮಳೆ ಬಂತೆಂದು ಗಾಜು ಎಳೆದಾಗಲೆಲ್ಲ ಅಲ್ಲಿ ಅದು ಜಜ್ಜುತ್ತದೆ. ಚೌಕಟ್ಟಿನ ಮೂಲೆಯಲ್ಲಿ ಒಂದು ತೂತು ಕೊರೆಸಿ, ಹೊರಗೆ ಕೇಬಲನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಒಳಗೆ ತನ್ನಿ. ಹಾಗೆ ಮಾಡಿದರೆ ನೀರು ಆ ಬಾಗಿನಿಂದ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಉಳಿದ ಫೈಬರನ್ನು ಬಿಗಿಯಾಗಿ ಸುತ್ತಿ ಟೈ ಕಟ್ಟುವುದು ಇನ್ನೊಂದು ತಪ್ಪು. ಸುತ್ತು ಟೀ ಲೋಟದ ತಟ್ಟೆಗಿಂತ ಸಣ್ಣದಾಗದಿರಲಿ. ಮೂರನೆಯದು ಕನೆಕ್ಟರ್. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆ, ನೀಲಿಯದು ಸಪಾಟು. ಹಸಿರನ್ನು ನೀಲಿಗೆ ಸೇರಿಸಿದರೆ ಕೂರುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ನಷ್ಟವಾಗುತ್ತದೆ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಒಳಗೆ ಇಣುಕಲೂ ಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಅಡಾಪ್ಟರನ್ನು ಯಾರೂ ಅನುಮಾನಿಸುವುದಿಲ್ಲ. ಎರಡು-ಮೂರು ವರ್ಷ ಬಿಸಿಯಲ್ಲಿ, ಕಡಲತೀರದ ತೇವದಲ್ಲಿ ದುಡಿದ 12 ವೋಲ್ಟ್ ಅಡಾಪ್ಟರ್ ದೀಪಗಳನ್ನು ಉರಿಸುತ್ತದೆ, ಹೊರೆ ಏರಿದಾಗ ಮಾತ್ರ ಕುಸಿಯುತ್ತದೆ. ರೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಬದಲಿಸಬೇಕಾದದ್ದು ಇದನ್ನೇ. ವೋಲ್ಟೇಜ್ ಅಷ್ಟೇ ಇರಲಿ, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಲಿ, ಪಿನ್ನಿನ ಗಾತ್ರ, ಧ್ರುವ ಎರಡೂ ಹೊಂದಲಿ.

ಇನ್ನು ಗೋಡೆಗಳೊಳಗಿನ ಮಾತು. ಮಾತುಂಗಾದ ಹಳೇ ಕಟ್ಟಡಗಳಲ್ಲಿ ದಪ್ಪ ಇಟ್ಟಿಗೆ ಗೋಡೆ. ಠಾಣೆ, ಮುಲುಂಡ್‌ನ ಎಷ್ಟೋ ಹೊಸ ಟವರುಗಳಲ್ಲಿ ಮಿವಾನ್ ಎಂಬ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕಹೊಯ್ದ ಕಾಂಕ್ರೀಟ್, ಕೋಣೆಗಳ ನಡುವಿನ ಗೋಡೆಯಲ್ಲೂ ಕಬ್ಬಿಣದ ಸರಳು. ವೈಫೈಯ ಎರಡು ಬ್ಯಾಂಡುಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) 5ರ ಸಿಗ್ನಲ್ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸತ್ತೇಹೋಗುತ್ತದೆ. ರೂಟರನ್ನು ಲಾಫ್ಟಿನಲ್ಲಿ, ಉಕ್ಕಿನ ಕಪಾಟಿನ ಪಕ್ಕ, ಟಿವಿ ಹಿಂದೆ, ನೀರಿನ ಡ್ರಮ್ಮಿನ ಬಳಿ ಇಡುವುದೆಂದರೆ ಸಿಗ್ನಲಿಗೆ ನಾವೇ ಅಡ್ಡ ನಿಂತ ಹಾಗೆ. ಹಾಲ್ ಮತ್ತು ಕೋಣೆಗಳ ನಡುವಿನ ಓಣಿಯಲ್ಲಿ, ಎದೆಮಟ್ಟಕ್ಕಿಂತ ಮೇಲೆ, ಬಯಲಾಗಿ ಇಡಿ. ಫೋನಿನಲ್ಲಿ ವೈಫೈ ಅನಲೈಸರ್ ಥರದ ಆ್ಯಪ್ ಹಿಡಿದು ಮನೆಯೆಲ್ಲ ಓಡಾಡಿ. ಸಿಗ್ನಲ್ ಮೈನಸ್ 50 ಡಿಬಿಎಂ ಹತ್ತಿರ ಇದ್ದರೆ ಬಹಳ ಚೆನ್ನ, ಮೈನಸ್ 67ರ ತನಕ ವಿಡಿಯೊ ಕಾಲ್ ನಡೆಯುತ್ತದೆ, ಮೈನಸ್ 75 ದಾಟಿದ ಮೂಲೆಯಲ್ಲಿ ಕೂತು ಕೆಲಸ ಮಾಡಲಾಗದು.

ಅದೇ ಆ್ಯಪ್ ಅಕ್ಕಪಕ್ಕದವರ ಚಾನೆಲ್‌ಗಳನ್ನೂ ತೋರಿಸುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. 3 ಖಾಲಿ ಕಾಣುತ್ತದೆಂದು ಅಲ್ಲಿ ಕೂತರೆ 1ರವರ ಗಲಾಟೆಯೂ 6ರವರ ಗಲಾಟೆಯೂ ನಿಮಗೇ. 1, 6, 11ರ ಪೈಕಿ ನೆರೆಯವರ ಸಿಗ್ನಲ್ ದುರ್ಬಲವಾಗಿರುವುದನ್ನು ರೂಟರಿನ ಸೆಟ್ಟಿಂಗಿನಲ್ಲಿ ಆರಿಸಿ, ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿ. 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48 ಅಥವಾ 149ರಿಂದ 161 ಒಳ್ಳೆಯದು. ನಡುವಿನವು ರಾಡಾರಿನ ಜೊತೆ ಹಂಚಿಕೊಳ್ಳುವ ಚಾನೆಲ್‌ಗಳು, ರಾಡಾರ್ ಸುಳಿವು ಸಿಕ್ಕರೆ ರೂಟರ್ ಜಾಗ ಬಿಟ್ಟು ಏಳಲೇಬೇಕು. ಎರಡು ಬ್ಯಾಂಡಿಗೂ ಬೇರೆಬೇರೆ ಹೆಸರು ಕೊಟ್ಟು ಫೋನು, ಟಿವಿಗಳನ್ನು 5ಕ್ಕೆ, ಸ್ಮಾರ್ಟ್ ಪ್ಲಗ್ಗಿನಂಥವನ್ನು 2.4ಕ್ಕೆ ಹಾಕುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಒಳಕೋಣೆಗೆ ಇನ್ನೂ ಮುಟ್ಟದಿದ್ದರೆ ಅಗ್ಗದ ರಿಪೀಟರ್ ಕೊಳ್ಳಬೇಡಿ. ಕೇಳಿದ್ದನ್ನೇ ಅದೇ ಗಾಳಿಯಲ್ಲಿ ಮತ್ತೆ ಹೇಳುವ ಯಂತ್ರ ಅದು, ವೇಗ ಅರ್ಧಕ್ಕಿಳಿಯುತ್ತದೆ. ಮನೆಯಲ್ಲಿ ಬಿದ್ದಿರುವ ಹಳೇ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಮಾಡಿ. ಅದನ್ನು ರೀಸೆಟ್ ಮಾಡಿ, ಲ್ಯಾನ್ ವಿಳಾಸ 192.168.1.2 ಮಾಡಿ (ಮುಖ್ಯ ರೂಟರ್ 192.168.1.1 ಇದ್ದಾಗ), ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ) ಆರಿಸಿ, ಮುಖ್ಯ ರೂಟರಿನ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಚಾನೆಲ್ ಮಾತ್ರ ಬೇರೆ ಇಡಿ. ಕೇಬಲನ್ನು ಮುಖ್ಯ ರೂಟರಿನ ಲ್ಯಾನ್ ಪೋರ್ಟಿನಿಂದ ಹಳೆಯದರ ಲ್ಯಾನ್ ಪೋರ್ಟಿಗೇ ಹಾಕಿ. ಡಿಎಚ್‌ಸಿಪಿ ಆರಿಸಲು ಮರೆತರೆ ಎರಡೂ ರೂಟರು ವಿಳಾಸ ಹಂಚಲು ಶುರುಮಾಡಿ, ಕೆಲವು ಫೋನಿಗೆ ನೆಟ್ ಇದ್ದು ಕೆಲವಕ್ಕೆ ಇಲ್ಲದಂತಾಗುತ್ತದೆ.

ರಾತ್ರಿ ಒಂಬತ್ತರ ತೊಂದರೆಗೆ ಇನ್ನೊಂದು ಕಾರಣ ಅಪ್‌ಲೋಡ್. ಎಲ್ಲರೂ ಮನೆಗೆ ಬಂದು ಫೋನ್ ಚಾರ್ಜಿಗೆ ಹಾಕುತ್ತಾರೆ, ಫೋಟೊಗಳೆಲ್ಲ ಬ್ಯಾಕಪ್ ಆಗಲು ಹೊರಡುತ್ತವೆ. ಅಪ್‌ಲೋಡ್ ತುಂಬಿದರೆ ಪಿಂಗ್ ಏರುತ್ತದೆ, ಕಾಲ್ ತಡವರಿಸುತ್ತದೆ. ಬ್ಯಾಕಪ್ ನಿಲ್ಲಿಸಿ ಪಿಂಗ್ ನೋಡಿ, ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಲೈನೇ ಸರಿಯಿಲ್ಲವೆಂದರೆ ಕಂಪನಿ ಬದಲಿಸುವುದೇ ಸರಿ. ಜಿಯೊ, ಏರ್‌ಟೆಲ್, ಟಾಟಾ ಪ್ಲೇ, ಹ್ಯಾಥ್‌ವೇ ಎಂದು ಹೆಸರು ಹೋಲಿಸುವುದಕ್ಕಿಂತ ನಿಮ್ಮ ಕಟ್ಟಡಕ್ಕೆ ಯಾರ ತಂತಿ ಹೇಗೆ ಬರುತ್ತದೆ ಎಂದು ಹೋಲಿಸಿ. ಒಮ್ಮೆ ಗಚ್ಚಿ ಹತ್ತಿ ನೋಡಿ. ಪಕ್ಕದ ಕಟ್ಟಡದಿಂದ ಗಾಳಿಯಲ್ಲಿ ತೂಗಿ ಬಂದ ಕೇಬಲ್, ತಗಡಿನ ಡಬ್ಬಿಯಲ್ಲಿ ಲೈನನ್ನು ಹಲವು ಮನೆಗೆ ಹಂಚುವ ಲ್ಯಾನ್ ಸ್ವಿಚ್, ಅಲ್ಲಿಂದ ಮನೆಗಳಿಗೆ ತಾಮ್ರದ ತಂತಿ: ಈ ವ್ಯವಸ್ಥೆಯಲ್ಲಿ ಸಿಡಿಲಿಗೆ ಸ್ವಿಚ್ ಸುಡುತ್ತದೆ, ಸ್ವಿಚ್ಚಿನ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದೂ ನೆಟ್ ಇರುವುದಿಲ್ಲ. ಡಕ್ಟಿನೊಳಗೆ ಫೈಬರ್ ಏರಿ ಮಾಳಿಗೆಗೊಂದು ಪೆಟ್ಟಿಗೆ ಇದ್ದರೆ ಅದಕ್ಕೇ ನನ್ನ ಓಟು. ಆಮೇಲೆ ಅದೇ ವಿಂಗ್‌ನ ಇಬ್ಬರು-ಮೂವರನ್ನು ಕೇಳಿ: ಕಳೆದ ಜುಲೈಯಲ್ಲಿ ಎಷ್ಟು ದಿನ ಬಂದ್ ಆಗಿತ್ತು, ಯಾರು ಬಂದು ಸರಿಮಾಡಿದರು? ಏರಿಯಾದ ಕೇಬಲ್‌ವಾಲಾ ಒಳ್ಳೆಯವನಾದರೆ ದೊಡ್ಡ ಕಂಪನಿಯ ಕಸ್ಟಮರ್ ಕೇರ್‌ಗಿಂತ ಬೇಗ ಬರುತ್ತಾನೆ.

2023ರ ಆಗಸ್ಟಿನಲ್ಲಿ ಏರ್‌ಟೆಲ್, ಸೆಪ್ಟೆಂಬರಿನಲ್ಲಿ ಜಿಯೊ ಮುಂಬಯಿಗೆ ತಂದ ಏರ್‌ಫೈಬರ್ ಕೇಬಲ್ ಇಲ್ಲದೆ, ಮೊಬೈಲ್ ಟವರಿನ 5ಜಿ ಮೇಲೆ ನಡೆಯುತ್ತದೆ. ಫೈಬರ್ ಸಿಗುವ ಕಡೆ ಅದು ಎರಡನೇ ಆಯ್ಕೆ, ಟವರಿನ ಜನಸಂದಣಿಗೆ ತಕ್ಕಂತೆ ವೇಗ ಏರಿಳಿಯುತ್ತದೆ. ಆದರೆ ಮನೆಯಿಂದ ಕೆಲಸ ಮಾಡುವವರು ಎರಡು ಸಂಪರ್ಕ ಇಡುವುದಾದರೆ ಎರಡನೆಯದಕ್ಕೆ ಇದೇ ಸರಿ. ಒಂದೇ ಗಚ್ಚಿಯಿಂದ ಇಳಿಯುವ ಎರಡು ಕೇಬಲ್ ಒಂದೇ ಸಲ ಹೋಗುತ್ತವೆ.

ಬೆಲೆ ಕೇಳುವಾಗ ಶೇ. 18 ಜಿಎಸ್‌ಟಿ ಸೇರಿಸಿಯೇ ಕೇಳಿ. ಅಪ್‌ಲೋಡ್ ವೇಗ ಎಷ್ಟು, ‘ಅನ್‌ಲಿಮಿಟೆಡ್’ ಎಂದರೆ ಎಷ್ಟು ಜಿಬಿ (ಫೈಬರಿನಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಸಾಮಾನ್ಯ), ರೂಟರ್ ಯಾರದು, ಡೆಪಾಸಿಟ್ ಹಿಂದಿರುಗುತ್ತದೆಯೇ, ಇವನ್ನೂ ಕೇಳಿ. ಊರಿನಿಂದ ಮನೆಯ ಸಿಸಿಟಿವಿ ರೆಕಾರ್ಡರಿಗೆ ನೇರವಾಗಿ ಸೇರಬೇಕಿದ್ದರೆ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ನಿಮ್ಮದೇ ವಿಳಾಸ) ಕೊಡುತ್ತಾರೆಯೇ ಎಂದು ಖಚಿತಮಾಡಿ. ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಹಲವರ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದೀರಿ. ವರ್ಷದ ಪ್ಲಾನ್ ಅಗ್ಗವೆಂದು ಏಪ್ರಿಲ್‌ನಲ್ಲಿ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ಒಂದು ಮಳೆಗಾಲ ಕಳೆಯಲಿ.

ದೂರು ಫೋನಿನಲ್ಲಿ ಕೊಟ್ಟರೂ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಶುಲ್ಕ ಇಲ್ಲ, 39 ದಿನದಲ್ಲಿ ಅವರು ತೀರ್ಮಾನ ಹೇಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಿಡಿಬಿಡಿ ದೂರು ತೆಗೆದುಕೊಳ್ಳುವುದಿಲ್ಲ. ಹೊಸ ಸಂಪರ್ಕ ಬಂದ ಮೇಲೂ ಹಳೆಯದನ್ನು ಒಂದು ವಾರ ಉಳಿಸಿಕೊಂಡು, ಆಮೇಲೆ ಮುಚ್ಚಿಸಿ. ಪೆಟ್ಟಿಗೆ, ಅಡಾಪ್ಟರ್ ಕೊಡುವ ಮುನ್ನ ಸೀರಿಯಲ್ ನಂಬರಿನ ಫೋಟೊ ತೆಗೆದು, ವಾಪಸ್ ಪಡೆದ ರಸೀದಿ ಕೈಗೆ ಬಂದ ಮೇಲೆಯೇ ಒಯ್ಯಲು ಬಂದವನನ್ನು ಕಳಿಸಿಕೊಡಿ.